ಉಪನ್ಯಾಸವೆಂಬ ಮಾತು

ಸಭೆಯಲ್ಲಿ ನಿಂತು ಆಡುವ ಮಾತಿಗೆ ಕನ್ನಡದಲ್ಲಿ ಹೆಸರುಗಳು ಹಲವಿದ್ದರೂ ಒಂದರ ಜಾಗದಲ್ಲಿ ಇನ್ನೊಂದು ಸುಲಭವಾಗಿ ಕೂರುವುದಿಲ್ಲ. ಚುನಾವಣೆಗೆ ನಿಂತವರು ಮಾಡುವುದು ಭಾಷಣ, ಮಠದ ಅಂಗಳದಲ್ಲಿ ಕೇಳುವುದು ಪ್ರವಚನ. ತುಸು ಓದಿಕೊಂಡು ಬಂದವರು ನೀಡುವುದು ಉಪನ್ಯಾಸ.

ಈ ‘ನೀಡುವುದು’ ಪದದ ಮೂಲಕ್ಕೂ ಒಪ್ಪುತ್ತದೆ. ಸಂಸ್ಕೃತದ ‘ಅಸ್’ ಧಾತುವಿಗೆ ಎಸೆಯುವುದೆಂಬ ಅರ್ಥವಿದೆ. ಅದಕ್ಕೆ ‘ನಿ’ ಸೇರಿದರೆ ಇಡುವುದು, ‘ಉಪ’ವೂ ಸೇರಿದರೆ ಹತ್ತಿರ ತಂದು ಇಡುವುದು ಎಂದಾಗುತ್ತದೆ. ನಂಬಿ ಒಪ್ಪಿಸಿದ ಇಡುಗಂಟಿಗೂ ‘ನ್ಯಾಸ’ವೆಂದೇ ಹೆಸರು. ದಾನಿಗಳು ಇಟ್ಟ ಹಣದ ಬಡ್ಡಿಯಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ನಡೆಸುವ ದತ್ತಿ ಉಪನ್ಯಾಸಗಳನ್ನು ಕಂಡಾಗ, ಪದವು ತನ್ನ ನೆಂಟನನ್ನು ತಾನೇ ಹುಡುಕಿಕೊಂಡಿತೇನೋ ಎನ್ನಿಸುತ್ತದೆ.

ಅಮರಸಿಂಹನ ಹಳೆಯ ಸಂಸ್ಕೃತ ನಿಘಂಟಾದ ಅಮರಕೋಶ ಮಾತ್ರ ಬೇರೊಂದು ಗುಟ್ಟನ್ನು ಬಿಟ್ಟುಕೊಡುತ್ತದೆ: ‘ಉಪನ್ಯಾಸಸ್ತು ವಾಙ್ಮುಖಮ್’. ಉಪನ್ಯಾಸವೆಂದರೆ ಮಾತಿನ ಮೊಗ, ಅಂದರೆ ಬರಿಯ ಪೀಠಿಕೆ. ವೇದಿಕೆಯ ಮೇಲಿರುವ ಗಣ್ಯರನ್ನು ಒಬ್ಬೊಬ್ಬರಾಗಿ ಸಂಬೋಧಿಸಿ, ಯಾರ ಹೆಸರಾದರೂ ಬಿಟ್ಟುಹೋಯಿತೇ ಎಂದು ಆಮಂತ್ರಣ ಪತ್ರಿಕೆಯನ್ನು ಇನ್ನೊಮ್ಮೆ ತಿರುವಿ, ವಿಷಯದ ವ್ಯಾಪ್ತಿ ಎಷ್ಟು ದೊಡ್ಡದು, ಸಮಯ ಎಷ್ಟು ಕಡಿಮೆ ಎಂದು ಮರುಗುತ್ತ ಇರುವ ಸಮಯವನ್ನೂ ಕಳೆಯುವ ವಿದ್ವಾಂಸರನ್ನು ನಾವು ಸುಮ್ಮನೆ ಆಕ್ಷೇಪಿಸುತ್ತೇವೆ. ಅವರು ಅಮರಸಿಂಹನ ಮಾತಿಗೆ ಚಾಚೂ ತಪ್ಪದವರು. ನಿರೂಪಕರ ಚೀಟಿ ಕೈಗೆ ಬರುವ ಹೊತ್ತಿಗೆ ಉಪನ್ಯಾಸ ಶಾಸ್ತ್ರೋಕ್ತವಾಗಿಯೇ ಮುಗಿದಿರುತ್ತದೆ.

ಗಡಿ ದಾಟಿದರೆ ಪದದ ವೇಷವೂ ಬದಲಾಗುತ್ತದೆ. ತಮಿಳಿನಲ್ಲಿ ಅದು ರಾಮಾಯಣ, ಭಾಗವತಗಳ ವ್ಯಾಖ್ಯಾನದ ಕಡೆಗೆ ವಾಲಿದರೆ, ಬಂಗಾಳಿ ಮತ್ತು ಹಿಂದಿಗಳಲ್ಲಿ ಕಾದಂಬರಿಯೇ ಆಗಿಬಿಟ್ಟಿದೆ; 1865ರಲ್ಲಿ ಪ್ರಕಟವಾದ ಬಂಕಿಮಚಂದ್ರರ ‘ದುರ್ಗೇಶನಂದಿನಿ’ ಅಲ್ಲಿಯವರಿಗೆ ಉಪನ್ಯಾಸ. ನಾವೂ ಮರಾಠಿಗರೂ ಆ ಕೆಲಸಕ್ಕೆ ಸಂಸ್ಕೃತ ಕವಿ ಬಾಣಭಟ್ಟನ ನಾಯಿಕೆ ಕಾದಂಬರಿಯ ಹೆಸರನ್ನು ಎರವಲು ತಂದುಕೊಂಡದ್ದರಿಂದ ನಮ್ಮ ಉಪನ್ಯಾಸ ಸಭೆಯಲ್ಲೇ ಉಳಿಯಿತು. ಪ್ರೇಮಚಂದರಿಗೆ ‘ಉಪನ್ಯಾಸ ಸಮ್ರಾಟ’ ಎಂಬ ಬಿರುದಿದೆಯೆಂದು ಕೇಳಿದ ಕನ್ನಡಿಗನು ಅವರನ್ನು ಮಹಾವಾಗ್ಮಿಯೆಂದು ಭಾವಿಸಿದರೆ ತಪ್ಪು ಅವನದಲ್ಲ.

ನಮ್ಮಲ್ಲಿ ಈ ಪದ ಕಾಲೇಜು ಸೇರಿ, ಹಾಜರಿ ಪುಸ್ತಕ ಹಿಡಿದು, ಉಪನ್ಯಾಸಕನೆಂಬ ಹುದ್ದೆಯಾಯಿತು. ಅದಕ್ಕೆ ಸರ್ಕಾರ ‘ಅತಿಥಿ’ಯೆಂಬ ವಿಶೇಷಣವನ್ನೂ ಜೋಡಿಸಿತು. ತಿಥಿ ನೋಡದೆ ಬಂದು ಹೋಗುವವನು ಅತಿಥಿಯೆಂದು ನಾವು ತಿಳಿದಿದ್ದೆವು. ಈ ಅತಿಥಿಗಳಲ್ಲಿ ಅನೇಕರು ವರ್ಷಗಟ್ಟಲೆ ಅದೇ ಕರಿಹಲಗೆಯ ಮುಂದೆ ನಿಂತಿದ್ದಾರೆ, ತಿಥಿ ನೋಡುವುದು ಗೌರವಧನಕ್ಕಾಗಿ ಮಾತ್ರ.