ಆ ಹುಡುಗಿ ಕೇಳಿದ್ದು ಒಂದೇ ಪ್ರಶ್ನೆ

ನಿನ್ನೆ ಸಂಜೆಯಿಂದ ತಲೆ ಕಾದುಹೋಗಿದೆ. ಬರೆದೇ ಮಲಗಬೇಕು ಅಂತ ಕೂತಿದ್ದೇನೆ.

ಇಲ್ಲೇ ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಒಂದು ಕಂಪ್ಯೂಟರ್ ಅಂಗಡಿಗೆ ಚಾರ್ಜರ್ ತರೋಕೆ ಹೋಗಿದ್ದೆ. ಎಂ.ಎ. ಓದುವ ಹುಡುಗಿಯೊಬ್ಬಳು ಹಳೇ ಲ್ಯಾಪ್‌ಟಾಪ್ ತಂದಿದ್ದಳು. ಒಂದು ಕಡೆ ಹಿಂಜ್ ಮುರಿದು ಟೇಪ್ ಸುತ್ತಿತ್ತು, ಕೀಬೋರ್ಡ್‌ನ ನಾಲ್ಕೈದು ಅಕ್ಷರ ಟೈಪ್ ಮಾಡಿ ಮಾಡಿ ಅಳಿಸಿಹೋಗಿದ್ದವು. ವಿಂಡೋಸ್ 10ಕ್ಕೆ ಅಪ್‌ಡೇಟ್ ನಿಂತಿದೆ ಅಂತ ಬರ್ತಿದೆ, ಏನು ಮಾಡ್ಲಿ ಅಂತ ಕೇಳಿದಳು.

ಅಷ್ಟೇ ಸಾಕಾಯ್ತು. ಅಂಗಡಿಯವರು "ಇದ್ರಾಗ ವಿಂಡೋಸ್ 11 ನಡಿಯಂಗಿಲ್ಲವ್ವಾ, ಹೊಸಾದ್ ತಗೊಂಡುಬಿಡು" ಅಂದರು. ಪಕ್ಕದಲ್ಲಿ ನಿಂತಿದ್ದವರು "ಹೊಸಾದ್ ಯಾಕ? ಲಿನಕ್ಸ್ ಹಾಕ್ರಿ, ಪುಕ್ಕಟೆ ಅದ" ಅಂದರು. ಲಿನಕ್ಸ್ ಅಂದ್ರೆ ವಿಂಡೋಸ್ ಬದಲು ಕಂಪ್ಯೂಟರ್ ನಡೆಸೋ ಇನ್ನೊಂದು ವ್ಯವಸ್ಥೆ. ಆಮೇಲೆ ಇಪ್ಪತ್ತು ನಿಮಿಷ ವೈರಸ್, ಲೈಸೆನ್ಸ್, ಟರ್ಮಿನಲ್ ಅಂತ ಅವರಿಬ್ಬರದೇ ಜಗಳ. ನಡುವೆ ಹುಡುಗಿ ಎರಡು ಸಲ ಕೇಳಿದಳು, "ಅಣ್ಣಾ, ಅದ್ರಾಗ ನುಡಿ ನಡೀತದೇನ್ರಿ?" ಯಾರೂ ಅವಳ ಕಡೆ ತಿರುಗಲಿಲ್ಲ.

ಕೇಳಬೇಕಾದ ಪ್ರಶ್ನೆ ಅದೊಂದೇ ಅಲ್ವಾ? ನುಡಿ ಅಂದ್ರೆ ಕನ್ನಡ ಟೈಪ್ ಮಾಡೋ ತಂತ್ರಾಂಶ, ಅವಳ ಪ್ರಬಂಧ ಪೂರ್ತಿ ಅದರಲ್ಲೇ ಇದೆ. ನುಡಿಯ ಹಳೇ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರೆ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಫೈಲ್ ತೆರೆದರೆ ಒಂದಕ್ಷರವೂ ಓದೋಕೆ ಬರೋದಿಲ್ಲ. ಲಿನಕ್ಸ್‌ನಲ್ಲೂ ನುಡಿಯಲ್ಲಿರೋ ಅದೇ ಕೆಜಿಪಿ ಕೀಲಿಮಣೆಯಲ್ಲಿ (ಅಕ್ಷರಗಳ ಜೋಡಣೆ) ಯುನಿಕೋಡ್, ಅಂದ್ರೆ ಎಲ್ಲ ಕಂಪ್ಯೂಟರ್‌ಗೂ ಅರ್ಥವಾಗೋ ಅಕ್ಷರ ಸಂಕೇತದಲ್ಲಿ ಟೈಪ್ ಮಾಡಬಹುದು, ಆದರೆ ಹಳೇ ಫೈಲುಗಳನ್ನು ಮೊದಲು ಯುನಿಕೋಡ್‌ಗೆ ಬದಲಾಯಿಸಿಕೊಳ್ಳಬೇಕು. ಇಷ್ಟು ಹೇಳೋಕೆ ಎರಡು ನಿಮಿಷ ಸಾಕಿತ್ತು.

ನಾನು ಎಷ್ಟು ವರ್ಷದಿಂದ ಲಿನಕ್ಸ್ ಹಿಡಿದುಕೊಂಡಿದ್ದೇನೆ ಅಂತ ನಿಮಗೆಲ್ಲ ಗೊತ್ತು. ಇದು ಗೊತ್ತಿಲ್ಲ: ಹಿಂದೆ ಮಾವನ ಡಿಟಿಪಿ ಅಂಗಡಿಯಲ್ಲಿ ಹಟ ಹಿಡಿದು ಉಬುಂಟು ಅನ್ನೋ ಲಿನಕ್ಸ್ ಹಾಕಿದ್ದೆ. ಮರುದಿನ ಬೆಳಿಗ್ಗೆ ಲಗ್ನಪತ್ರಿಕೆಯವರು ಬಂದು ಕೂತಿದ್ದಾರೆ, ತೆರೆದ ಫೈಲಿನಲ್ಲಿ ಒಂದೂ ಕನ್ನಡ ಅಕ್ಷರ ಇಲ್ಲ. ಮಾವ ಬೈಯಲಿಲ್ಲ. ಸುಮ್ನೆ ಪರದೆ ನೋಡ್ತಾ ಕೂತರು. ಬೈದಿದ್ದರೆ ಇಷ್ಟು ವರ್ಷ ಈ ಸಂಕಟ ಇರುತ್ತಿರಲಿಲ್ಲ.

ವಿಂಡೋಸ್, ಲಿನಕ್ಸ್ ನಡುವೆ ಪೈಪೋಟಿ ಇದ್ದರೆ ಎರಡೂ ಸುಧಾರಿಸುತ್ತವೆ ಅಂತ ಕೆಲವರು ಹೇಳ್ತಾರೆ. ಮಾಡುವವರ ನಡುವೆ ಇರಲಿ. ಅವರೂ ಯಾವಾಗಲೋ ರಾಜಿಯಾಗಿದ್ದಾರೆ. 2001ರಲ್ಲಿ ವಿಂಡೋಸ್ ಮಾಡುವ ಮೈಕ್ರೋಸಾಫ್ಟ್ ಕಂಪನಿಯ ಮುಖ್ಯಸ್ಥ ಸ್ಟೀವ್ ಬಾಲ್ಮರ್ ಲಿನಕ್ಸನ್ನು ಕ್ಯಾನ್ಸರ್ ಅಂದಿದ್ದರು. 2016ರಲ್ಲಿ ಅದೇ ಕಂಪನಿ ವಿಂಡೋಸ್ ಒಳಗೇ ಲಿನಕ್ಸ್ ಓಡಿಸೋ ವ್ಯವಸ್ಥೆ ಕೊಟ್ಟಿತು. ಬಳಸುವವರು ಮಾತ್ರ ಇನ್ನೂ ಕೌಂಟರ್ ಮೇಲೆ ಕೈ ಕುಟ್ಟುತ್ತಿದ್ದಾರೆ, ಅದೂ ಬೇರೆಯವರ ಲ್ಯಾಪ್‌ಟಾಪ್ ಮುಂದಿಟ್ಟುಕೊಂಡು.

ಇನ್ನೊಂದು ಮಾತು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದದ್ದು ನಿಜ. ಆದರೆ ಮನೆಬಳಕೆಯವರು ಹೆಸರು ನೋಂದಾಯಿಸಿದರೆ 2026ರ ಅಕ್ಟೋಬರ್ 13ರವರೆಗೆ ಸೆಕ್ಯುರಿಟಿ ಅಪ್‌ಡೇಟ್ ಸಿಗುತ್ತದೆ. ಅವಳು ನೆಮ್ಮದಿಯಿಂದ ಪ್ರಬಂಧ ಮುಗಿಸಬಹುದು. ಇಬ್ಬರಲ್ಲಿ ಒಬ್ಬರೂ ಇದನ್ನು ಹೇಳಲಿಲ್ಲ. ಯಾಕಂದ್ರೆ ಇದರಲ್ಲಿ ಇಬ್ಬರೂ ಗೆಲ್ಲೋದಿಲ್ಲ.

ಹೊರಗೆ ಬಂದು ನಾನೇ ಹೇಳಿದೆ. ಭಾನುವಾರ ಅವಳ ತಂದೆಯ ಜೊತೆ ಮನೆಗೆ ಬರ್ತಾಳೆ. ಮೊದಲು ಪೆನ್‌ಡ್ರೈವ್‌ಗೆ ಎಲ್ಲ ಫೈಲ್ ಕಾಪಿ ಮಾಡಬೇಕು, ಉಳಿದದ್ದು ಆಮೇಲೆ.