ಹಾಡಿಲ್ಲ, ಕವರ್ ಇದೆ

ನಮ್ಮ ಅಕ್ಕನ ಮಗ ಗಾಯಕನಾಗಿದ್ದಾನೆ. ಯಾವಾಗಿನಿಂದ ಎಂದರೆ ಹೋದ ಗುರುವಾರದಿಂದ. ಅವತ್ತು ಸಂಜೆ ಅವನ ಆಲ್ಬಮ್ಮಿನ ಕವರ್ ಬಿಡುಗಡೆಯಾಯಿತು. ಹಾಡು ಇನ್ನೂ ಆಗಿಲ್ಲ. ಸಾಹಿತ್ಯ ಒಂದೂವರೆ ಚರಣದವರೆಗೆ ಬಂದು ನಿಂತಿದೆ, ಟ್ಯೂನ್ ಯಾರಿಂದಲೋ ಬರಬೇಕಿದೆ. ಹೆಣ್ಣು ಗೊತ್ತಾಗುವ ಮೊದಲೇ ಲಗ್ನಪತ್ರಿಕೆ ಹಂಚಿದಂತಾಯಿತಲ್ಲೋ ಎಂದೆ. ‘ಮಾಮಾ, ಈಗ ಎಲ್ಲರೂ ಹೀಗೆಯೇ ಮಾಡುತ್ತಾರೆ’ ಎಂದ. ವಿಚಾರಿಸಿ ನೋಡಿದೆ. ಹುಡುಗ ಸುಳ್ಳು ಹೇಳಿರಲಿಲ್ಲ.

ಕವರ್ ಮಾಡಿಸಿದ್ದು ಬಳ್ಳಾರಿಯ ಗಡಿಗಿ ಚೆನ್ನಪ್ಪ ವೃತ್ತದಿಂದ ಕೂಗಳತೆಯ ದೂರದಲ್ಲಿರುವ ಒಂದು ಫ್ಲೆಕ್ಸ್ ಅಂಗಡಿಯಲ್ಲಿ. ಬೈಕಿಗೆ ಪೆಟ್ರೋಲ್ ಹಾಕಿಸಿದವನು ನಾನಾದ್ದರಿಂದ ನನಗೂ ಕೂರಲು ಒಂದು ಸ್ಟೂಲ್ ಸಿಕ್ಕಿತು. ಡಿಸೈನರ್ ಕಂಪ್ಯೂಟರ್ ತೆರೆದ. ಅದರಲ್ಲಿ ಮೂರೇ ಫೋಲ್ಡರ್: ಲೀಡರ್, ಬರ್ತ್‌ಡೇ, ಶ್ರದ್ಧಾಂಜಲಿ. ನಮ್ಮ ಊರಿನ ಸಾರ್ವಜನಿಕ ಜೀವನವೆಲ್ಲ ಈ ಮೂರರಲ್ಲೇ ಮುಗಿಯುತ್ತದೆ, ಆಲ್ಬಮ್ ಎಂಬ ನಾಲ್ಕನೆಯದು ಅವನಿಗೆ ಈವರೆಗೆ ಬೇಕಾಗಿರಲಿಲ್ಲ.

ಮೊದಲು ‘ಲೀಡರ್’ ತೆರೆದ. ಕೈಮುಗಿದ ದೇಹ ಸಿದ್ಧವಾಗಿತ್ತು, ತಲೆ ಮಾತ್ರ ಅಂಟಿಸಬೇಕು. ಹಿಂದೆ ಹುಲಿ, ಮೇಲ್ಗಡೆ ಹಿರಿಯರ ಫೋಟೋಗಳಿಗೆಂದು ಆರು ದುಂಡು ಖಾಲಿ ಜಾಗ. ‘ಅಣ್ಣಾ, ನಾನು ಸೋಲೋ ಆರ್ಟಿಸ್ಟ್, ಹಿರಿಯರು ಯಾರೂ ಬೇಡ’ ಎಂದ ಹುಡುಗ. ‘ಹುಲಿ?’ ‘ಹುಲಿಯೂ ಬೇಡ.’ ‘ಬರ್ತ್‌ಡೇ’ಯ ಗುಲಾಬಿ ಮತ್ತು ಕೇಕು ಅವನ ಘನತೆಗೆ ಹೊಂದಲಿಲ್ಲ. ಡಿಸೈನರ್‌ನ ಕೈ ತಪ್ಪಿ ಮೂರನೆಯದು ತೆರೆದುಕೊಂಡಿತು. ಕಪ್ಪು ಹಿನ್ನೆಲೆ, ತೆಳ್ಳಗೆ ಹೊಗೆ, ತಲೆಯ ಹಿಂದೆ ಮಂಕು ಬೆಳಕು, ಕತ್ತಲೆಯಲ್ಲಿ ಕರಗುತ್ತಿರುವ ಅರ್ಧ ಮುಖ. ಹುಡುಗ ಸ್ಟೂಲಿನಿಂದ ಎದ್ದೇ ನಿಂತ. ‘ಇದೇ! ಇದೇ ನನಗೆ ಬೇಕಾಗಿದ್ದು!’

‘ತಮ್ಮಾ, ಇದು ಹೋದವರದು’ ಎಂದು ಡಿಸೈನರ್ ಮೆಲ್ಲಗೆ ಹೇಳಿದ.

‘ಜನನ, ಮರಣ ಎರಡು ಸಾಲು ಅಳಿಸಿದರೆ ಆಯಿತಲ್ಲ.’

ಅಳಿಸಿದರು. ಹಾರ ತೆಗೆದರು, ‘ಮತ್ತೆ ಹುಟ್ಟಿ ಬನ್ನಿ’ ತೆಗೆದರು. ದೀಪವನ್ನೂ ತೆಗೆದರು. ದೀಪದ ಹೊಗೆ ಮಾತ್ರ ಇರಲಿ ಎಂದು ಹುಡುಗ ಹಟ ಹಿಡಿದ.

ಮನೆಗೆ ಬಂದು ಈ ಕವರುಗಳ ಜಾತಕ ಹುಡುಕಿದೆ. ಮೊದಮೊದಲು ಗ್ರಾಮಫೋನ್ ತಟ್ಟೆಗಳು ಸಾದಾ ಕಾಗದದ ಲಕೋಟೆಯಲ್ಲಿ ಬರುತ್ತಿದ್ದವು. ಲೇಬಲ್ ಕಾಣಲೆಂದು ಲಕೋಟೆಯ ನಡುವೆ ಒಂದು ತೂತು. ಮುಂದೆ ನಾಲ್ಕಾರು ತಟ್ಟೆಗಳನ್ನು ಪುಸ್ತಕದಂತೆ ಕಟ್ಟಿ ರಟ್ಟು ಹಾಕಿದಾಗ ಅದು ಆಲ್ಬಮ್ ಎನಿಸಿಕೊಂಡಿತು. ಆ ರಟ್ಟಿನ ಮೇಲೆ ಹೆಸರು ಬಿಟ್ಟರೆ ಏನೂ ಇಲ್ಲದೆ ಬೋಳುಬೋಳಾಗಿದ್ದುದರಿಂದ ಅಮೆರಿಕದ ವ್ಯಾಪಾರಿಗಳು ಅದನ್ನು ‘ಗೋರಿಕಲ್ಲು’ ಎಂದೇ ಕರೆಯುತ್ತಿದ್ದರು. 1940ರ ಸುಮಾರಿಗೆ ಕೊಲಂಬಿಯಾ ಕಂಪನಿಯಲ್ಲಿದ್ದ ಅಲೆಕ್ಸ್ ಸ್ಟೈನ್‌ವೈಸ್ ಎಂಬ ತರುಣ ಆ ರಟ್ಟಿನ ಮೇಲೆ ಬಣ್ಣದ ಚಿತ್ರ ಬರೆದು, ಗೋರಿಕಲ್ಲಿಗೆ ಜೀವ ಕೊಟ್ಟ. ಪಾಪ, ಅಷ್ಟು ಕಷ್ಟಪಟ್ಟು ಅವನು ಗೋರಿಯಿಂದ ಎಬ್ಬಿಸಿ ತಂದ ಕವರನ್ನು ನನ್ನ ಅಳಿಯ ಅರ್ಧ ಗಂಟೆಯಲ್ಲಿ ಮತ್ತೆ ಅಲ್ಲಿಗೇ ಕಳಿಸಿದ.

ಫೋಟೋ ತೆಗೆಸಿದ ಕಥೆ ಬೇರೆಯೇ. ಗಂಗಾವತಿ ದಾಟಿ ಸಣಾಪುರ ಕೆರೆಯ ಬಂಡೆಗಳವರೆಗೆ ಹೋಗಿದ್ದರು. ಗಿಟಾರ್ ಎರವಲು ತಂದದ್ದು. ನುಡಿಸಲು ಬರುವುದಿಲ್ಲ, ಆದ್ದರಿಂದ ಬೆನ್ನಿಗೆ ನೇತುಹಾಕಿಕೊಂಡ. ಜೀನ್ಸ್ ಹೊಸದು. ನಮ್ಮ ಊರು ಜೀನ್ಸ್ ಹೊಲಿಯುವ ಊರು, ಹೊಸ ಬಟ್ಟೆಯನ್ನು ಉಜ್ಜಿ, ತೊಳೆದು, ಹರಿದು ಹಳೆಯದು ಮಾಡುವುದೂ ನಮಗೆ ಒಂದು ಕಸುಬು. ಹುಡುಗನ ಕಷ್ಟದ ಬದುಕನ್ನೂ ಹಾಗೆಯೇ ಮೊಣಕಾಲಿನ ಹತ್ತಿರ ಬ್ಲೇಡಿನಿಂದ ತಯಾರಿಸಲಾಯಿತು. ಆಮೇಲೆ ಭಂಗಿ. ಕ್ಯಾಮೆರಾ ನೋಡಬಾರದಂತೆ. ಮುಖ ಆಕಾಶಕ್ಕೆ, ಕಣ್ಣು ಮುಚ್ಚಿರಬೇಕು, ತುಟಿ ಅರೆಬರೆ ತೆರೆದಿರಬೇಕು. ಕಣ್ಣು ಯಾಕೆ ಮುಚ್ಚಬೇಕು ಎಂದು ಕೇಳಿದೆ. ‘ಫೀಲ್, ಮಾಮಾ’ ಎಂದ. ಬಳ್ಳಾರಿಯ ಕುಂಬಾರ ಗುಡ್ಡವನ್ನು ಆಗ್ನೇಯ ದಿಕ್ಕಿನಿಂದ ನೋಡಿದರೆ ಮನುಷ್ಯನ ಮುಖದಂತೆ ಕಾಣುತ್ತದೆ, ಬ್ರಿಟಿಷರ ಕಾಲದಿಂದಲೂ ಅದಕ್ಕೆ ಫೇಸ್ ಹಿಲ್ ಎಂಬ ಹೆಸರಿದೆ. ಅದೂ ಮೇಲೆ ನೋಡುತ್ತಲೇ ಮಲಗಿದೆ. ಇಷ್ಟು ವರ್ಷಗಳಲ್ಲಿ ಒಂದು ಆಲ್ಬಮ್ ಬಿಟ್ಟಿಲ್ಲ.

ಹೆಸರಿಗೆ ಎರಡು ದಿನ ಹಿಡಿಯಿತು. ಅಕ್ಕ ಭಾವ ಇಟ್ಟ ಹೆಸರು ಕವರಿಗೆ ಉದ್ದವಾಯಿತಂತೆ. ಅದನ್ನು ಅರ್ಧಕ್ಕೆ ಕತ್ತರಿಸಿ, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಅದರಲ್ಲಿದ್ದ ಸ್ವರಗಳನ್ನೆಲ್ಲ ತೆಗೆದು ಹಾಕಿದರು. ಈಗಿನ ಫ್ಯಾಷನ್ ಅದು. ಉಳಿದದ್ದು ನಾಲ್ಕು ವ್ಯಂಜನ. ಗಾಯಕನೊಬ್ಬ ತನ್ನಲ್ಲಿ ಸ್ವರವಿಲ್ಲ ಎಂದು ಕವರ್ ಮೇಲೆಯೇ ಒಪ್ಪಿಕೊಂಡದ್ದನ್ನು ನಾನು ಮೊದಲ ಬಾರಿಗೆ ನೋಡಿದೆ.

ಹೆಸರಿನ ವಿಷಯದಲ್ಲಿ ನಮ್ಮ ಸೀಮೆಗೆ ಹಳೆಯ ಅನುಭವವಿದೆ. ಕೊಪ್ಪಳದ ಗವಿಮಠದ ಬಂಡೆಯ ಮೇಲೆ ಅಶೋಕ ತನ್ನ ಮಾತನ್ನು ಕೆತ್ತಿಸಿದ, ಪಲ್ಕಿಗುಂಡಿನಲ್ಲೂ ಕೆತ್ತಿಸಿದ. ಹೆಸರು ಹಾಕಲಿಲ್ಲ, ‘ದೇವಾನಾಂಪ್ರಿಯ’ ಎಂಬ ಬಿರುದು ಮಾತ್ರ. ಈ ದೇವಾನಾಂಪ್ರಿಯ ಅಶೋಕನೇ ಇರಬೇಕೆಂಬ ವಿದ್ವಾಂಸರ ಗುಮಾನಿ ಗಟ್ಟಿಯಾದದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಹೆಸರಿದ್ದ ಶಾಸನ ಸಿಕ್ಕಿದ ಮೇಲೆ. ಹೇಳುವುದೇನೋ ಇತ್ತು, ಆದ್ದರಿಂದ ಹೆಸರಿಲ್ಲದೆಯೂ ಎರಡು ಸಾವಿರ ವರ್ಷ ನಡೆಯಿತು. ಇದನ್ನು ಅಳಿಯನಿಗೆ ಹೇಳಿದೆ. ‘ಫಾಂಟ್ ಯಾವುದು ಮಾಮಾ?’ ಎಂದ. ಬ್ರಾಹ್ಮಿ ಎಂದೆ. ಡಿಸೈನರ್ ಹತ್ತಿರ ಕೇಳಿಸುತ್ತೇನೆ ಎಂದು ಬರೆದುಕೊಂಡ.

ಸೋಲೋ ಎಂಬ ಮಾತಿನ ಮಹಿಮೆ ಇನ್ನೊಂದು. ಬಂಡೆಯ ಮೇಲೆ ಬಿಸಿಲಿಗೆ ಥರ್ಮೋಕೋಲ್ ಹಿಡಿದು ನಿಂತ ಗೆಳೆಯ, ಸಾಲ ಮಾಡಿ ಕ್ಯಾಮೆರಾ ಕೊಂಡ ಗೆಳೆಯ, ಒಂದೂವರೆ ಚರಣ ಬರೆದ ಹೈಸ್ಕೂಲ್ ಮೇಷ್ಟ್ರು, ಮುಂದೆ ಕೀಬೋರ್ಡ್ ನುಡಿಸಬೇಕಾದವರು, ಶ್ರುತಿ ತಪ್ಪಿದ್ದನ್ನು ಕಂಪ್ಯೂಟರ್‌ನಲ್ಲಿ ಎತ್ತಿ ಸರಿ ಜಾಗಕ್ಕೆ ಕೂರಿಸಬೇಕಾದವರು, ಇವರ್ಯಾರೂ ಕವರಿನಲ್ಲಿಲ್ಲ. ನಮ್ಮ ಹಳ್ಳಿ ನಾಟಕದ ಹ್ಯಾಂಡ್‌ಬಿಲ್ಲಿನಲ್ಲಿ ಹಾರ್ಮೋನಿಯಂ ಮಾಸ್ತರರಿಂದ ಹಿಡಿದು ಸೀನರಿಯವರ ತನಕ ಎಲ್ಲರ ಹೆಸರೂ ಇರುತ್ತಿತ್ತು. ಜಾಗ ಸಾಲದೆ ಪಾತ್ರಧಾರಿಯ ಹೆಸರೇ ಸಣ್ಣದಾಗುತ್ತಿತ್ತು. 1902ರಲ್ಲಿ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಗ್ರಾಮಫೋನ್ ತಟ್ಟೆಗೆ ಹಾಡಿದಾಗ, ಕೊನೆಗೆ ತಮ್ಮ ಹೆಸರನ್ನು ತಾವೇ ಗಟ್ಟಿಯಾಗಿ ಹೇಳಿದರು. ತಟ್ಟೆ ಅಚ್ಚಾಗುತ್ತಿದ್ದುದು ಜರ್ಮನಿಯಲ್ಲಿ, ಅಲ್ಲಿನವರಿಗೆ ಹಾಡಿದವರು ಯಾರೆಂದು ತಿಳಿಯಬೇಕಿತ್ತು. ಹೆಸರು ಹೇಳಿದರು ನಿಜ, ಆದರೆ ಹಾಡು ಮುಗಿದ ಮೇಲೆ.

ಕವರಿನ ಅಳತೆ 3000 ಪಿಕ್ಸೆಲ್ ಉದ್ದ, 3000 ಪಿಕ್ಸೆಲ್ ಅಗಲ. ಗುಣಿಸಿದರೆ 90 ಲಕ್ಷ ಚುಕ್ಕೆ. ಮೊಬೈಲ್‌ನಲ್ಲಿ ಹಾಡುಗಳ ಪಟ್ಟಿ ತೆರೆದರೆ ಇಷ್ಟೂ ಚುಕ್ಕೆ ಸೇರಿ ಹೆಬ್ಬೆರಳಿನ ಉಗುರಿನಷ್ಟು ಕಾಣುತ್ತದೆ. ಎಲ್‌ಪಿ ಎಂಬ ದೊಡ್ಡ ತಟ್ಟೆಗಳ ಕಾಲದಲ್ಲಿ ಕವರ್ 12 ಅಂಗುಲವಿತ್ತು, ಕ್ಯಾಸೆಟ್ಟಿನಲ್ಲಿ ಅಂಗೈಯಷ್ಟಾಯಿತು, ಈಗ ಉಗುರಿಗೆ ಬಂದಿದೆ. ಚಿತ್ರ ಕುಗ್ಗಿದಷ್ಟೂ ಚಿತ್ರದೊಳಗಿನವನ ಠೀವಿ ಹಿಗ್ಗುತ್ತಿದೆ.

ಬಿಡುಗಡೆಯ ದಿನ ಕವರನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದ. ಹತ್ತು ನಿಮಿಷದಲ್ಲಿ ಸಿಂಧನೂರಿನಿಂದ ದೊಡ್ಡಮ್ಮ ಫೋನ್ ಮಾಡಿ ಗೊಳೋ ಎಂದು ಅತ್ತರು. ಮಾನ್ವಿಯವರು ‘ಓಂ ಶಾಂತಿ’ ಎಂದು ಬರೆದರು, ಅದರ ಕೆಳಗೆ ಹನ್ನೊಂದು ಜನ ಕೈಮುಗಿದರು. ಹೊರಡುವ ಬಸ್ ಯಾವುದು, ಮಣ್ಣು ಎಷ್ಟು ಹೊತ್ತಿಗೆ ಎಂದು ಒಬ್ಬರು ಕೇಳಿದರು. ‘ನಾನು ಇದ್ದೇನೆ, ಇದು ಆಲ್ಬಮ್’ ಎಂದು ಹುಡುಗ ಧ್ವನಿ ಸಂದೇಶ ಕಳಿಸಬೇಕಾಯಿತು. ಈವರೆಗೆ ಅವನ ಧ್ವನಿ ರೆಕಾರ್ಡ್ ಆಗಿ ಹೊರಬಂದದ್ದು ಅದೊಂದೇ.

ಬಿಡುಗಡೆಗೆಂದು ಮಾಡಿಸಿದ್ದ ಎಂಟಡಿಯ ಫ್ಲೆಕ್ಸನ್ನು ಸಿರುಗುಪ್ಪದ ಕಡೆಯ ನಮ್ಮ ದಾಯಾದಿಯೊಬ್ಬರು ಕೇಳಿ ಒಯ್ದರು. ಮೊನ್ನೆ ಅವರ ಕಣಕ್ಕೆ ಹೋಗಿದ್ದೆ. ಅಳಿಯ ಅಂಗಾತ ಮಲಗಿದ್ದಾನೆ, ಮುಖದ ಮೇಲೆಲ್ಲ ಕೆಂಪು ಮೆಣಸಿನಕಾಯಿ ಒಣಗುತ್ತಿದೆ. ಕಣ್ಣು ಮುಚ್ಚಿದ್ದು ಒಳ್ಳೆಯದೇ ಆಯಿತು.