ಮಿಂಚುಹುಳ ಬಂದದ್ದು ಯಾವತ್ತು?

ಹೋದ ವರ್ಷ ಮೇ ತಿಂಗಳ ಮೊದಲ ವಾರ. ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಬೇಲಿಯಾಚೆಯಿಂದ ಪಕ್ಕದ ಮನೆಯ ಅಜ್ಜ ಕೂಗಿದರು. ಎಂಬತ್ತು ದಾಟಿದವರು. ಒಂದು ಕೈಯಲ್ಲಿ ಬೇಲಿ ಹಿಡಿದು, ಇನ್ನೊಂದು ಕೈಯಲ್ಲಿ ಆಕಾಶ ತೋರಿಸುತ್ತಿದ್ದರು. ಕುಡುಗೋಲಿನ ಹಾಗೆ ಬಾಗಿದ ರೆಕ್ಕೆಯ ನಾಲ್ಕು ಕಪ್ಪು ಹಕ್ಕಿಗಳು ಚೀರುತ್ತಾ ಹೆಂಚಿನ ಮಟ್ಟದಲ್ಲೇ ಹಾದುಹೋದವು. ಬಾನಾಡಿಗಳು. ಇಲ್ಲಿಯವರು ಸ್ವಿಫ್ಟ್ ಅನ್ನುತ್ತಾರೆ. ಚಳಿಗಾಲವನ್ನು ಆಫ್ರಿಕಾದಲ್ಲಿ ಕಳೆದು, ಮೂರು ತಿಂಗಳ ಮಟ್ಟಿಗೆ ಮರಿ ಮಾಡಲು ಇಂಗ್ಲೆಂಡಿಗೆ ಬರುತ್ತವೆ. ಆಗಸ್ಟ್ ಹೊತ್ತಿಗೆ ಮತ್ತೆ ಹೊರಡುತ್ತವೆ.

ಅಜ್ಜ ಒಳಗೆ ಹೋಗಿ ಒಂದು ನೋಟ್‌ಬುಕ್ ತಂದರು. ರಟ್ಟಿನ ಮೂಲೆ ಸವೆದು ದುಂಡಗಾಗಿತ್ತು. ಪೆನ್ಸಿಲಿನಲ್ಲಿ ಒಂದು ಸಾಲು ಬರೆದರು. ತಾರೀಖು, ಹೊತ್ತು, ಎಷ್ಟು ಹಕ್ಕಿ, ಗಾಳಿ ಯಾವ ಕಡೆಯಿಂದ. ಅಷ್ಟೇ. ಆಮೇಲೆ ಹಿಂದಿನ ಪುಟಗಳನ್ನು ತೋರಿಸಿದರು. 1974ರಿಂದ ಸ್ವಿಫ್ಟ್ ಬಂದ ದಿನಗಳೆಲ್ಲ ಅಲ್ಲಿದ್ದವು. ಶುರುವಿನ ವರ್ಷಗಳಲ್ಲಿ ಮೂವತ್ತು, ನಲವತ್ತು ಹಕ್ಕಿ. ಈಗ ನಾಲ್ಕು. ಒಂದು ವರ್ಷದ ಜಾಗ ಮಾತ್ರ ಖಾಲಿ. ಆ ವರ್ಷ ಹೆಂಡತಿ ಆಸ್ಪತ್ರೆಯಲ್ಲಿದ್ದರಂತೆ, ಇವರು ಆಕಾಶ ನೋಡಿರಲಿಲ್ಲ. ಆಮೇಲೆ ಯಾರನ್ನಾದರೂ ಕೇಳಿ ತುಂಬಿಸಬಹುದಿತ್ತು. ತುಂಬಿಸಿಲ್ಲ.

ಆ ಖಾಲಿ ಜಾಗ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು.

ತಿಂಗಳ ಕೊನೆಗೆ ತೀರ್ಥಹಳ್ಳಿಗೆ ಫೋನ್ ಮಾಡಿದಾಗ ಅಮ್ಮನನ್ನು ಕೇಳಿದೆ, "ಮಿಂಚುಹುಳ ಬಂತಾ?"

"ಹ್ಞೂಂ, ಬಂದಿದಾವೆ. ಗೇರುಮರದ ತುಂಬ ಅವೇ."

"ಯಾವತ್ತು ಬಂತು?"

"ಯಾವತ್ತು ಅಂದ್ರೆ ಎಂತ ಹೇಳದು ಮಾರಾಯ? ರೋಹಿಣಿ ಮಳೆಗೆ ಬರೋ ಹುಳ, ರೋಹಿಣಿ ಮಳೆಗೆ ಬಂತು."

ಇಂಗ್ಲೆಂಡಿನ ನಾರ್ವಿಚ್ ಹತ್ತಿರ ಬಂದು ನೆಲೆಸಿ ಹದಿನಾರು ವರ್ಷವಾಯಿತು. ಇಷ್ಟು ವರ್ಷದಲ್ಲಿ ಎರಡೂ ಕಡೆಯ ಹಕ್ಕಿ, ಹುಳ, ಕಪ್ಪೆಗಳನ್ನು ಆಸೆಯಿಂದ ನೋಡಿಕೊಂಡು ಬಂದಿದ್ದೇನೆ. ಅಜ್ಜನ ಪುಸ್ತಕ ನೋಡಿದ ಮೇಲೆ ಒಂದು ಮಾತು ಹೇಳಲೇಬೇಕು ಅನ್ನಿಸುತ್ತಿದೆ. ಅಮ್ಮನಿಗೆ ಗೊತ್ತಿರುವುದು ಅಜ್ಜನಿಗೆ ಗೊತ್ತಿರುವುದಕ್ಕಿಂತ ಒಂದು ಚೂರೂ ಕಡಿಮೆ ಇಲ್ಲ. ಆದರೆ ಅಮ್ಮನದು ಎಲ್ಲೂ ಬರೆದಿಲ್ಲ.

ನಮ್ಮ ಮನೆಯಿಂದ ಸ್ವಲ್ಪ ಉತ್ತರಕ್ಕೆ ಸ್ಟ್ರಾಟನ್ ಸ್ಟ್ರಾಲೆಸ್ ಅನ್ನುವ ಹಳ್ಳಿ ಇದೆ. ಅಲ್ಲಿ ರಾಬರ್ಟ್ ಮಾರ್ಷಮ್ ಅನ್ನುವ ಜಮೀನ್ದಾರರು 1736ರಲ್ಲಿ ವಸಂತದ ಗುರುತುಗಳನ್ನು ಬರೆದಿಡಲು ಶುರು ಮಾಡಿದರು. ಓಕ್ ಯಾವತ್ತು ಚಿಗುರಿತು, ಕಪ್ಪೆ ಯಾವತ್ತು ವಟಗುಟ್ಟಿತು, ಕಕ್ಕೂ ಯಾವತ್ತು ಕೂಗಿತು, ಮೊದಲ ಅಂಬರಗುಬ್ಬಿ ಯಾವತ್ತು ಕಂಡಿತು. ಒಟ್ಟು 27 ಗುರುತು. ಅವರು ತೀರಿಕೊಂಡ ಮೇಲೂ ಮನೆತನದವರು ಅದನ್ನು ಮುಂದುವರಿಸಿದರು. ನಡುವೆ ಕೆಲವು ವರ್ಷ ಬಿಟ್ಟುಹೋದರೂ 1958ರವರೆಗೆ ಬರೆದರು. ಓಕ್ ಈಗ ಮೊದಲಿಗಿಂತ ಬೇಗ ಚಿಗುರುತ್ತಿದೆ ಎಂದು ಇಲ್ಲಿಯವರು ಧೈರ್ಯವಾಗಿ ಹೇಳುವುದು ಇಂಥ ಪುಸ್ತಕಗಳ ಬಲದ ಮೇಲೆ.

27 ಅಂದ ಕೂಡಲೇ ನನಗೆ ನೆನಪಾದದ್ದು ನಮ್ಮ ನಕ್ಷತ್ರಗಳು. ಅವೂ 27 ಅಲ್ವಾ! ಕಾಕತಾಳೀಯವೇ ಇರಬಹುದು, ಆದರೂ ಮೈ ಜುಮ್ಮೆಂದಿತು. ಸೂರ್ಯ ಒಂದೊಂದು ನಕ್ಷತ್ರದಲ್ಲಿ 13-14 ದಿನ ಇರುತ್ತಾನೆ. ರೋಹಿಣಿ ಮಳೆ ಹುಟ್ಟುವುದು ಮೇ 25ರ ಸುಮಾರಿಗೆ, ಮೃಗಶಿರ ಜೂನ್ 8ರ ಸುಮಾರಿಗೆ, ಆರಿದ್ರ ಜೂನ್ 22ರ ಸುಮಾರಿಗೆ. ವರ್ಷ ವರ್ಷವೂ ಹೆಚ್ಚುಕಡಿಮೆ ಅದೇ ದಿನ. ಅಂದರೆ ಅಮ್ಮ ರೋಹಿಣಿ ಮಳೆ ಅಂದದ್ದು ಸುಮ್ನೆ ಹೇಳಿದ ಮಾತಲ್ಲ. ಎರಡು ವಾರದ ಒಂದು ಮನೆಯೊಳಗೆ ಹುಳವನ್ನು ಕೂರಿಸಿ ಹೇಳಿದ್ದು.

ನಮ್ಮ ಮನೆಯಲ್ಲಿ ಹೀಗೆ ಎಲ್ಲಕ್ಕೂ ಒಂದೊಂದು ಮನೆ ಇತ್ತು. ಕೃತ್ತಿಕೆ ಹನಿದರೆ ಸಂಜೆ ದೀಪಕ್ಕೆ ಈಚಲು ಹುಳ ಮುತ್ತುತ್ತವೆ. ರೋಹಿಣಿಗೆ ಮಿಂಚುಹುಳ. ಮೃಗಶಿರಕ್ಕೆ ಗೋಂಕರು ಕಪ್ಪೆ. ಆರಿದ್ರ ಹಿಡಿದರೆ ಹತ್ತು ಮೀನು, ಅಂದರೆ ಹಳ್ಳದಿಂದ ಗದ್ದೆಗೆ ಹತ್ತಿ ಬರುವ ಮೀನು. ಪುಷ್ಯದ ಹೊತ್ತಿಗೆ ಕಳಲೆ, ಅದನ್ನು ತರಲು ಹೋದವರ ಕಾಲಿಗೆಲ್ಲ ರಕ್ತ ಹೀರುವ ಇಂಬಳ. ಉತ್ತರ ಕರ್ನಾಟಕದ ಗೆಳೆಯರು ಮಿರಗಿನ ಹುಳದ ಮಾತಾಡುತ್ತಾರೆ. ಮೃಗಶಿರ ಬಿದ್ದಾಗ ಹೊಲದಲ್ಲಿ ಕೆಂಪು ಮಖಮಲ್ಲಿನ ಚೂರುಗಳ ಹಾಗೆ ಹರಿದಾಡುವ ಪುಟ್ಟ ಹುಳ. ಹುಳಕ್ಕೆ ಮಳೆಯ ಹೆಸರನ್ನೇ ಇಟ್ಟುಬಿಟ್ಟಿದ್ದಾರೆ.

ಗೋಂಕರು ಕಪ್ಪೆಯನ್ನು ನಾನು ಮರೆಯುವ ಹಾಗೇ ಇಲ್ಲ. ವರ್ಷವಿಡೀ ಮಣ್ಣಿನ ಬಣ್ಣದಲ್ಲಿ ಎಲ್ಲೋ ಅಡಗಿರುವ ಪ್ರಾಣಿ ಅದು. ಮೊದಲ ದೊಡ್ಡ ಮಳೆ ಹೊಯ್ದು ಗದ್ದೆಯಲ್ಲಿ ಮೊಣಕಾಲವರೆಗೆ ನೀರು ನಿಂತರೆ, ಬೆಳಗಾಗುವಷ್ಟರಲ್ಲಿ ಗಂಡುಕಪ್ಪೆಗಳು ನಿಂಬೆಹಣ್ಣಿನ ಹಳದಿ ಆಗಿರುತ್ತವೆ. ಗಂಟಲ ಎರಡು ಬದಿಗೆ ಕಡುನೀಲಿ ಚೀಲ. ಕೂಗುವಾಗ ಆ ಚೀಲ ಉಬ್ಬಿ ಮೇಲೇಳುತ್ತದೆ, ಸುತ್ತಲಿನ ನೀರು ಸಣ್ಣಗೆ ನಡುಗುತ್ತದೆ. ಸ್ಕೂಲಿಗೆ ಹೋಗುವ ದಾರಿಯಲ್ಲಿ ಗದ್ದೆಬದುವಿನ ಮೇಲೆ ಕೂತು ನೋಡುತ್ತಿದ್ದೆವು. ಎರಡು ಮೂರು ದಿನ ಕಳೆದರೆ ಹಳದಿ ಮಾಸಿಬಿಡುತ್ತಿತ್ತು. ಯಾವ ವರ್ಷ, ಯಾವ ತಾರೀಖು? ನನಗೂ ಗೊತ್ತಿಲ್ಲ. ಬರೆದಿಡಬೇಕು ಅಂತ ಯಾರೂ ಹೇಳಲಿಲ್ಲ, ನನಗೂ ಹೊಳೆಯಲಿಲ್ಲ.

ಈಗ ಊರಿಗೆ ಹೋದರೆ ಎಲ್ಲರ ಬಾಯಲ್ಲೂ ಒಂದೇ ಮಾತು, ಮಳೆ ನಕ್ಷತ್ರ ತಪ್ಪಿಹೋಗಿದೆ. ಹತ್ತು ಮೀನು ಮೊದಲಿನ ಹಾಗೆ ಏರುವುದಿಲ್ಲ. ಮಿಂಚುಹುಳ ಕಡಿಮೆಯಾಗಿವೆ. ಎಷ್ಟು ಕಡಿಮೆ, ಎಷ್ಟು ದಿನ ಹಿಂದೆಮುಂದೆ ಎಂದು ಕೇಳಿದರೆ ಯಾರ ಹತ್ತಿರವೂ ಉತ್ತರವಿಲ್ಲ. ಇಲ್ಲಿ ಹಾಗಲ್ಲ. ಬ್ರಿಟನ್ನಿನಲ್ಲಿ 1995ರಿಂದೀಚೆಗೆ ಸ್ವಿಫ್ಟ್‌ಗಳು ಅರ್ಧಕ್ಕಿಂತ ಜಾಸ್ತಿ ಕಡಿಮೆಯಾಗಿವೆ ಎಂದು ಲೆಕ್ಕ ಸಿಕ್ಕಿತು. 2021ರಲ್ಲಿ ಅವನ್ನು ಅಪಾಯದ ಕೆಂಪು ಪಟ್ಟಿಗೆ ಸೇರಿಸಿದರು. ಹೊಸ ಮನೆ ಕಟ್ಟುವಾಗ ಗೋಡೆಯಲ್ಲಿ ಅವಕ್ಕಾಗಿ ಟೊಳ್ಳು ಇಟ್ಟಿಗೆ ಇಡಿ ಎಂದು ಜನ ಪಟ್ಟು ಹಿಡಿದು ಕೇಳುತ್ತಿದ್ದಾರೆ. ಕೇಳುವವರ ಕೈಯಲ್ಲಿ ಅಂಕಿ ಇದೆ.

ಜನವರಿ ಕೊನೆಯ ವಾರಾಂತ್ಯದಲ್ಲಿ ಇಲ್ಲಿ ಹಿತ್ತಲ ಹಕ್ಕಿಗಳ ಎಣಿಕೆ ನಡೆಯುತ್ತದೆ. 1979ರಿಂದ ನಡೆದು ಬಂದಿದೆ. ಲಕ್ಷಾಂತರ ಜನ ಒಂದು ಗಂಟೆ ಕಿಟಕಿ ಹತ್ತಿರ ಕೂತು ಎಣಿಸುತ್ತಾರೆ. ಬಂದ ಹಕ್ಕಿಗಳನ್ನೆಲ್ಲ ಕೂಡಿಸುವ ಹಾಗಿಲ್ಲ, ಒಂದು ಜಾತಿಯವು ಒಟ್ಟಿಗೆ ಅತಿ ಹೆಚ್ಚು ಎಷ್ಟು ಕಂಡವು ಎಂದಷ್ಟೇ ಬರೆಯಬೇಕು. ಇಲ್ಲದಿದ್ದರೆ ಒಂದೇ ಗುಬ್ಬಿ ಹತ್ತು ಸಲ ಬಂದು ಹತ್ತಾಗುತ್ತದೆ. ಇಷ್ಟು ಸರಳ ನಿಯಮ, ಮಕ್ಕಳಿಗೂ ಅರ್ಥವಾಗುತ್ತದೆ.

ನಾನು ಬಂದ ಹೊಸತರಲ್ಲಿ ನಡೆದದ್ದು ಹೇಳುತ್ತೇನೆ. ಹೊಳೆದಂಡೆಯ ಹುಲ್ಲುಗಾವಲಿನಲ್ಲಿ ದನಗಳ ಕಾಲಬುಡದಲ್ಲಿ ಒಂದು ಗೋವಕ್ಕಿ ಕಂಡಿತು. ಎಷ್ಟು ಸಂತೋಷವಾಯಿತು ಅಂದರೆ ಕಣ್ಣಲ್ಲಿ ನೀರೇ ಬಂತು. ನಮ್ಮ ಗದ್ದೆಯಲ್ಲಿ ನೇಗಿಲ ಹಿಂದೆ ನಡೆಯುತ್ತಿದ್ದ ಹಕ್ಕಿ, ಆಗ ಇಲ್ಲಿ ಅಪರೂಪವಾಗಿತ್ತು. ದಾಖಲೆ ನೋಡಿಕೊಳ್ಳುವವರಿಗೆ ಬರೆದು ಕಳಿಸಿದೆ. ಮಾರನೇ ದಿನ ಉತ್ತರ ಬಂತು. ಎಷ್ಟು ದೂರದಿಂದ ನೋಡಿದಿರಿ? ಬೆಳಕು ಯಾವ ಕಡೆ ಇತ್ತು? ಕೊಕ್ಕು ಹಳದಿಯೋ ಕಪ್ಪೋ? ಪಾದದ ಬಣ್ಣ? ಚಿಕ್ಕ ಬೆಳ್ಳಕ್ಕಿ ಅಲ್ಲ ಅಂತ ಹೇಗೆ ಹೇಳುತ್ತೀರಿ? ನನಗೆ ಬೇಜಾರಾಯಿತು. ಹುಟ್ಟಿದಾಗಿನಿಂದ ನೋಡಿದ ಹಕ್ಕಿ, ನನ್ನನ್ನೇ ಕೇಳುತ್ತಾರಲ್ಲ ಎಂದು. ಆಮೇಲೆ ನಿಧಾನವಾಗಿ ಅರ್ಥವಾಯಿತು. ಅವರು ನನ್ನನ್ನು ಅನುಮಾನಿಸಿದ್ದಲ್ಲ. ಐವತ್ತು ವರ್ಷದ ನಂತರ ಆ ಸಾಲು ಓದುವವರಿಗೆ ನನ್ನ ಮುಖ ಕಾಣುವುದಿಲ್ಲ, ಕೊಕ್ಕಿನ ಬಣ್ಣ ಕಾಣಬೇಕು. ಈಗ ನಾನೇ ಮೊದಲು ಅದನ್ನು ಬರೆಯುತ್ತೇನೆ.

ಹಾಗಂತ ಇಲ್ಲಿಯದೇ ಮೇಲು ಎಂದು ನಾನು ಒಪ್ಪುವುದಿಲ್ಲ. ಈ ದೇಶದಲ್ಲಿ ತೋಳ, ಕರಡಿ, ಲಿಂಕ್ಸ್ ಅನ್ನುವ ಕಾಡುಬೆಕ್ಕು ಎಲ್ಲವೂ ನೂರಾರು ವರ್ಷ ಹಿಂದೆಯೇ ಮುಗಿದುಹೋದವು. ನಮ್ಮ ಅಡಿಕೆ ತೋಟಕ್ಕೆ ಈಗಲೂ ಕಾಡುಕೋಣ ಇಳಿಯುತ್ತದೆ. ಬೈಯುತ್ತೇವೆ, ಆದರೂ ಅದು ಇದೆ. ಇಟ್ಟುಕೊಂಡು ಬಾಳುವುದು ನಮ್ಮವರಿಗೆ ಬರುತ್ತದೆ.

ನನ್ನ ಹೆಂಡತಿಯ ಸೋದರತ್ತೆ ಮದ್ದೂರಿನವರು. ಅವರ ಜೊತೆ ಕೊಕ್ಕರೆ ಬೆಳ್ಳೂರಿಗೆ ಹೋಗಿದ್ದೆ. ಊರ ನಡುವಿನ ಹುಣಸೆ ಮರಗಳ ತುದಿಯಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳ ಗೂಡು. ಕೆಳಗೆ ಜಗಲಿಯಲ್ಲಿ ಜನ ಕೂತು ಮಾತಾಡುತ್ತಿದ್ದರು. ಮರಿಗಳ ಕೂಗು, ಮೀನಿನ ವಾಸನೆ, ಹೆಂಚಿನ ಮೇಲೆ ಬಿಳಿ ಹಿಕ್ಕೆ. ಯಾರೂ ಮುಖ ಸಿಂಡರಿಸಲಿಲ್ಲ. ಚಳಿಗಾಲದಲ್ಲಿ ಬಂದು ಮರಿ ಮಾಡಿಕೊಂಡು ಮಳೆಗೆ ಮುಂಚೆ ಹೋಗುವ ಈ ಹಕ್ಕಿಗಳು ಅವರಿಗೆ ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು. ಇಂಥ ಊರು ಇಂಗ್ಲೆಂಡಿನಲ್ಲಿ ನಾನು ಕಂಡಿಲ್ಲ. ಇಲ್ಲಿ ಹಕ್ಕಿಯನ್ನು ಪ್ರೀತಿಸುತ್ತಾರೆ, ಆದರೆ ಬೈನಾಕ್ಯುಲರ್ ಹಿಡಿದು ದೂರದಿಂದ.

ನಾನು ಅಜ್ಜನ ನೋಟ್‌ಬುಕ್ ವಿಷಯ ಹೇಳಿದಾಗ ಅತ್ತೆ ಕೇಳಿದರು, "ಮಗಳು ತವರಿಗೆ ಬಂದ್ರೆ ಯಾರಾದ್ರೂ ತಾರೀಖು ಬರ್ಕೋತಾರೇನಪ್ಪಾ?"

ಆ ಹೊತ್ತಿಗೆ ನನಗೆ ಉತ್ತರ ತೋಚಲಿಲ್ಲ. ಈಗ ಹೇಳುತ್ತೇನೆ. ಒಬ್ಬಳೇ ಮಗಳಾದರೆ ಬರೆಯಬೇಕಿಲ್ಲ, ಬಾರದಿದ್ದರೆ ಆ ದಿನವೇ ಗೊತ್ತಾಗುತ್ತದೆ. ನೂರಾರು ಮಕ್ಕಳು ಬರುವ ತವರಿನಲ್ಲಿ ವರ್ಷಕ್ಕೆ ನಾಲ್ಕು ಜನ ಬರುವುದನ್ನು ನಿಲ್ಲಿಸಿದರೆ ಹೇಗೆ ಗೊತ್ತಾಗಬೇಕು ಅತ್ತೆ? ಮರ ಖಾಲಿಯಾದ ಮೇಲೆ ಗೊತ್ತಾಗುತ್ತದೆ.

ಇನ್ನೊಂದು ಮಾತು. ನಾವಿರುವ ನಾರ್ಫೋಕ್ ಜಿಲ್ಲೆಗೆ ಚಳಿಗಾಲದಲ್ಲಿ ಐಸ್‌ಲ್ಯಾಂಡ್, ಗ್ರೀನ್‌ಲ್ಯಾಂಡ್ ಕಡೆಯಿಂದ ಗುಲಾಬಿ ಕಾಲಿನ ಹೆಬ್ಬಾತುಗಳು ಬರುತ್ತವೆ. ಸಕ್ಕರೆ ಬೀಟ್ ಕಿತ್ತ ಹೊಲದಲ್ಲಿ ಉಳಿದದ್ದನ್ನು ಮೇಯುತ್ತವೆ. ಬೆಳಗಿನ ಜಾವ ಅವು ಸಾಲುಸಾಲಾಗಿ ಹಾರುವುದನ್ನು ನೋಡಲು ಜನ ಆ ಚಳಿಯಲ್ಲಿ ಥರ್ಮೋಸ್ ಹಿಡಿದು ನಿಲ್ಲುತ್ತಾರೆ. ಗದಗ ಜಿಲ್ಲೆಯ ಮಾಗಡಿ ಕೆರೆಗೂ ಅದೇ ಕಾಲಕ್ಕೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ, ಹಿಮಾಲಯ ದಾಟಿ. ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. 2024ರಲ್ಲಿ ಆ ಕೆರೆ ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್ಸರ್ ಪಟ್ಟಿಗೂ ಸೇರಿತು. ಆದರೆ ನನ್ನ ಬೆಂಗಳೂರಿನ ಗೆಳೆಯರಲ್ಲಿ ಮಾಗಡಿ ಕೆರೆ ನೋಡಿದವರು ಒಬ್ಬರೂ ಇಲ್ಲ. ಎಲ್ಲರೂ ಕಬಿನಿಗೆ ಹೋಗಿ ಬರುತ್ತಾರೆ, ಬಂದವರನ್ನು ಎಲ್ಲರೂ ಕೇಳುವುದು ಒಂದೇ, ಹುಲಿ ಸಿಕ್ತಾ? ಹುಲಿ ಕಂಡರೆ ಖುಷಿಯೇ, ಬೇಡ ಅನ್ನುವುದಿಲ್ಲ. ಆದರೆ ಹುಲಿಗೆ ಕಾಲವಿಲ್ಲ. ಹೆಬ್ಬಾತಿಗೆ, ಕಪ್ಪೆಗೆ, ಮಿಂಚುಹುಳಕ್ಕೆ ಕಾಲವಿದೆ. ಅವನ್ನು ನೋಡದ ಮಕ್ಕಳಿಗೆ ವರ್ಷ ತಿರುಗುವುದೇ ತಿಳಿಯದು ಎಂದು ನನಗೆ ಸಂಕಟವಾಗುತ್ತದೆ.

ನಮ್ಮಲ್ಲಿ ಬರೆದಿಡುವವರೇ ಇಲ್ಲ ಎಂದಲ್ಲ. 2010ರಿಂದ ಸೀಸನ್‌ವಾಚ್ ಎಂಬ ಕೆಲಸ ನಡೆದಿದೆ, ಮರ ಯಾವಾಗ ಚಿಗುರಿತು, ಹೂಬಿಟ್ಟಿತು ಎಂದು ಶಾಲೆಯ ಮಕ್ಕಳು ಬರೆಯುತ್ತಾರೆ. ಕೇರಳದ ಮಕ್ಕಳು ಅದರಲ್ಲಿ ಬಹಳ ಮುಂದೆ ಇದ್ದಾರೆ. ಫೆಬ್ರುವರಿಯಲ್ಲಿ ನಾಲ್ಕು ದಿನ ಹಕ್ಕಿ ಎಣಿಸುವವರೂ ಇದ್ದಾರೆ. ಆದರೆ ಅಮ್ಮನಂಥವರು ಆ್ಯಪ್ ತೆರೆಯುವುದಿಲ್ಲ. ಅವರ ಕೈಗೆ ಸಿಗುವ ಹಾಗೆ, ಅವರ ಮಾತಿನಲ್ಲೇ ಇರಬೇಕು. ಯೋಚಿಸಿದಾಗ, ಬೇಕಾದದ್ದು ಆಗಲೇ ನಮ್ಮ ಅಡುಗೆಮನೆ ಗೋಡೆಯ ಮೇಲೆ ಮೊಳೆಗೆ ತೂಗುತ್ತಿತ್ತು. ಮಳೆ ನಕ್ಷತ್ರ, ತಾರೀಖು ಎರಡೂ ಅಚ್ಚಾಗಿರುವ ಕ್ಯಾಲೆಂಡರ್. ಅಮ್ಮ ದಿನಾ ಅದರಲ್ಲಿ ಹಾಲಿನ ಲೆಕ್ಕ ಬರೆಯುತ್ತಾರೆ. ಅದೇ ಪೆನ್ನಿನಲ್ಲಿ ಇನ್ನೊಂದು ಪದ ಬರೆದರೆ ಸಾಕು ಎಂದು ಫೋನಿನಲ್ಲಿ ಕೇಳಿಕೊಂಡೆ. "ನೋಡನ" ಅಂದರು.

ಈ ವರ್ಷ ಜುಲೈಯಲ್ಲಿ ಅತ್ತಿಗೆ ಆ ಪುಟಗಳ ಫೋಟೋ ಕಳಿಸಿದರು. ಮೇ 28ರ ಮನೆಯಲ್ಲಿ, 'ಹಾಲು 2' ಎಂಬುದರ ಕೆಳಗೆ, ಸಣ್ಣ ಅಕ್ಷರದಲ್ಲಿ: ಮಿಂಚುಹುಳ, ಗೇರುಮರ, ಮೂರೋ ನಾಲ್ಕೋ. ಜೂನ್ 11: ಗೋಂಕರು ಕಪ್ಪೆ, ರಾತ್ರಿಯಿಡೀ, ಕರೆಂಟಿಲ್ಲ. ಜೂನ್ 24ಕ್ಕೆ ಜಾಗ ಸಾಲದೆ ಅಂಚಿನವರೆಗೂ ಬರೆದಿದ್ದರು: ಹತ್ತು ಮೀನು ಏರಿದಾವಂತೆ. ನಾನು ನೋಡಿಲ್ಲ, ತೋಟದ ಕೆಲಸದವರು ಹೇಳಿದ್ದು.